ಬೀಗರು ಬಂದಿದ್ದಾರೆ!

"ಯಾರಪ್ಪಾ ನನ್ನ ಗಾಡಿ ಕಾಲಿಗೆ ಬೇಡಿ ತೊಡಿಸಿದ್ದು?"

ಅವಳು ಕೇಳಿದ್ದು ಯಾರನ್ನೂ ಅಲ್ಲ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳಿದ್ದವು, ನೀರಿನ ಟ್ಯಾಂಕಿನ ಮೇಲೆ ಒಂದು ಪಾರಿವಾಳವಿತ್ತು. ಉತ್ತರ ಕೊಡುವವರು ಯಾರೂ ಕಾಣಲಿಲ್ಲ. ಅವಳ ಸ್ಕೂಟರಿನ ಮುಂದಿನ ಚಕ್ರವನ್ನು ಹಳದಿ ಬಣ್ಣದ ಕಬ್ಬಿಣದ ಬೀಗವೊಂದು ಬಾಯಿ ಹಾಕಿ ಕಚ್ಚಿ ಹಿಡಿದಿತ್ತು.

ಬೆಳಕು ಹರಿಯುವ ಮುಂಚೆ ಬಂದವಳು. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನರ್ಸ್. ಗಿಡ್ಡ ಆಳು, ಚುರುಕು ನಡಿಗೆ. ಅದಕ್ಕೇ ಇಡೀ ಆಸ್ಪತ್ರೆಗೆ ಅವಳು ಗುಬ್ಬಿ ಸಿಸ್ಟರ್. ಈಗ ಮಧ್ಯಾಹ್ನ. ಕಣ್ಣು ಉರಿಯುತ್ತಿತ್ತು, ಕಾಲು ಸೋತಿತ್ತು, ಮನೆ ಸೇರಿದರೆ ಸಾಕಾಗಿತ್ತು.

"ನಾನೇ," ಎಂದಿತು ಒಂದು ಧ್ವನಿ.

ವ್ಯಾನಿನ ಹಿಂದಿನಿಂದ ಎದ್ದು ನಿಂತವನ ಸೊಂಟದಲ್ಲಿ ದೊಡ್ಡ ಕೀಲಿಗೊಂಚಲು. ಮೈಮೇಲೆ ಯಾವುದೋ ಕಂಪನಿಯ ಕಿತ್ತಳೆ ಬಣ್ಣದ ಅಂಗಿ.

"ನೀವಾ? ನನ್ನ ಗಾಡಿ ನಿಮಗೇನು ಮಾಡಿತ್ತು?"

"ಏನೂ ಮಾಡಿಲ್ಲ ಸಿಸ್ಟರ್. ಚೀಟಿ ಇಲ್ಲದೆ ನಿಂತಿತ್ತು."

"ನಿಲ್ಲೋದಕ್ಕೂ ಚೀಟಿಯಾ! ನಾನೇನು ಇಲ್ಲಿ ಸಿನಿಮಾ ನೋಡೋಕೆ ಬಂದಿದ್ನಾ?"

"ಇವತ್ತಿಂದ ಈ ಅಂಗಳ ನಮ್ಮ ಕಂಪನಿಗೆ ಗುತ್ತಿಗೆ ಆಗಿದೆ. ರೋಗಿ ಕಡೆಯೋರಾಗಲಿ, ಡಾಕ್ಟರಾಗಲಿ, ನರ್ಸಾಗಲಿ, ಗಂಟೆ ಲೆಕ್ಕದಲ್ಲಿ ಹಣ ಕಟ್ಟಬೇಕು. ಇಲ್ಲಾಂದ್ರೆ ಬೀಗ, ಬೀಗ ತೆಗೆಯೋಕೆ ದಂಡ. ಗೇಟಿನ ಹತ್ರ ಬೋರ್ಡ್ ಹಾಕಿದೀವಲ್ಲ."

"ಯಾವಾಗ ಹಾಕಿದ್ರಿ?"

"ನಿನ್ನೆ ಸಂಜೆ."

"ನಾನು ನಿನ್ನೆ ಮಧ್ಯಾಹ್ನ ಮನೆಗೆ ಹೋದೋಳು ಇವತ್ತು ಸೂರ್ಯ ಏಳೋಕೆ ಮುಂಚೆ ಬಂದಿದೀನಿ. ಕತ್ತಲಲ್ಲಿ ನಿಮ್ಮ ಬೋರ್ಡ್ ಓದೋಕೆ ನಾನೇನು ಗೂಬೆನಾ?"

ಅವನ ತುಟಿಯಂಚು ಅಲುಗಿತು. ಅದನ್ನು ಕಂಡು ಅವಳಿಗೆ ಇನ್ನೂ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಥೂ, ಈ ಕಣ್ಣೀರಿಗೆ ಹೊತ್ತುಗೊತ್ತೇ ಇಲ್ಲ!

"ಒಳಗೆ ನನ್ನ ಅಂಗೈಯಷ್ಟಿರೋ ಕೂಸೊಂದು ಬೆಳಿಗ್ಗೆಯಿಂದ ಉಸಿರಾಡೋದನ್ನ ಮರೀತಿದೆ. ಪಾದ ತಟ್ಟಿದ್ರೆ ನೆನಪು ಮಾಡ್ಕೊಳ್ಳುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಮರೆಯುತ್ತೆ. ಅದರ ಪಾದ ತಟ್ಟುತ್ತಾ ನಿಂತಿದ್ದೆ ರೀ ನಾನು. ನಿಮ್ಮ ಗಂಟೆ ಲೆಕ್ಕ ಇಡೋಕೆ ಆಗ್ಲಿಲ್ಲ... ದೊಡ್ಡ ತಪ್ಪಾಯ್ತು!"

ಕೀಲಿಗೊಂಚಲಿನ ಸದ್ದು ನಿಂತಿತು.

"ಈಗ ಹೇಗಿದೆ?" ಎಂದ ಆಮೇಲೆ, ಮೆಲ್ಲಗೆ.

"ಏನು?"

"ಕೂಸು."

ಅವಳು ತಬ್ಬಿಬ್ಬಾದಳು. ಜಗಳಕ್ಕೆಂದು ಸೊಂಟ ಕಟ್ಟಿ ನಿಂತವಳ ಎದುರಿಗೆ ಯಾರೋ ಕುಡಿಯುವ ನೀರು ತಂದಿಟ್ಟ ಹಾಗಾಯಿತು.

"ಈಗ... ಈಗ ಪರವಾಗಿಲ್ಲ. ಮರೆಯೋದು ಕಮ್ಮಿಯಾಗಿದೆ."

ಅವನು ಕುಕ್ಕರಗಾಲಲ್ಲಿ ಕೂತು ಬೀಗ ಬಿಚ್ಚಿದ. "ಓದೋಕೆ ಬೆಳಕೇ ಇಲ್ಲದ ಬೋರ್ಡಿನ ಹೆಸರಲ್ಲಿ ದಂಡ ಕೇಳೋದು ನ್ಯಾಯ ಅಲ್ಲ. ಆದ್ರೆ ನಾಳೆಯಿಂದ ಚೀಟಿ ತಗೊಳ್ಳಿ ಸಿಸ್ಟರ್. ನಾಳೆ ನನಗೆ ಬಿಡೋಕಾಗಲ್ಲ."

ಅವಳು ಉಪಕಾರವಾಯಿತು ಎನ್ನದೆ ಗಾಡಿ ಹತ್ತಿ ಹೊರಟಳು. ಗೇಟು ದಾಟಿದ ಮೇಲೆ, ತಾನೇಕೆ ಹಿಂದೆ ನೋಡುವ ಕನ್ನಡಿಯನ್ನೇ ನೋಡುತ್ತಿದ್ದೇನೆ ಎಂದು ತನ್ನನ್ನೇ ಬೈದುಕೊಂಡಳು.

*

ಮರುದಿನ ನರ್ಸುಗಳ ಕೋಣೆ ಜೇನುಗೂಡಿಗೆ ಕಲ್ಲು ಬಿದ್ದಂತಿತ್ತು.

"ನಮ್ಮ ಕೆಲಸಕ್ಕೆ ನಾವು ಬರೋದಕ್ಕೂ ನಾವೇ ದುಡ್ಡು ಕೊಡಬೇಕಂತೆ! ಇದ್ಯಾವ ಲೋಕ?" ಎಂದಳು ಒಬ್ಬಳು. ವಾರ್ಡಿನ ಆಯಾ ತನ್ನ ಹಳೇ ಗಾಡಿಯನ್ನು ಮನೆಯಲ್ಲೇ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಬಂದು, ಏದುಸಿರು ಬಿಡುತ್ತ ಗೋಡೆಗೊರಗಿದ್ದಳು. "ನನ್ನ ಸಂಬಳದಲ್ಲಿ ನಾನು ತಿನ್ನಬೇಕೋ, ನನ್ನ ಗಾಡಿ ತಿನ್ನಬೇಕೋ ಹೇಳಿ ತಾಯಿ."

ಎಲ್ಲರ ನಡುವೆ ಕುರ್ಚಿ ತುಂಬಿ ಕೂತಿದ್ದವರು ವಾರ್ಡಿನ ಹಿರಿಯ ನರ್ಸ್. ಎಲ್ಲರಿಗೂ ದೊಡ್ಡಕ್ಕ. ಅವರ ನಾಲಿಗೆ ಸೂಜಿಗಿಂತ ಮೊನಚು. ಆದರೆ ಸೂಜಿ ಚುಚ್ಚಿದ ಜಾಗವನ್ನು ಉಜ್ಜುವುದೂ ಅವರಿಗೆ ಗೊತ್ತಿತ್ತು.

"ಬೀಗ ಹಾಕೋರನ್ನ ಏನಂತ ಕರೀತಾರೆ ಹೇಳ್ರೇ?" ಎಂದರು ದೊಡ್ಡಕ್ಕ.

"ಏನಂತ?"

"ಬೀಗರು! ಅಲ್ವೇನೇ ಮತ್ತೆ? ಕರೀದೇ ಬಂದಿದ್ದಾರೆ. ಅಂಗಳ ನಮ್ಮದೇ ಅಂತ ಕಾಲು ಚಾಚಿ ಕೂತಿದ್ದಾರೆ. ಎಷ್ಟು ಕೊಟ್ರೂ ಸಾಲಲಿಲ್ಲ ಅಂತಾರೆ. ಅಪ್ಪಟ ಬೀಗರ ಲಕ್ಷಣ!"

ಕೋಣೆ ಗೊಳ್ಳೆಂದಿತು.

ಅಂದಿನಿಂದ ಅದು ಇಡೀ ಆಸ್ಪತ್ರೆಯ ಗುಟ್ಟಿನ ಮಾತಾಯಿತು. ಅಂಗಳದಲ್ಲಿ ಕಿತ್ತಳೆ ಅಂಗಿ ಕಂಡೊಡನೆ ಯಾರಾದರೊಬ್ಬರು ಕಿಟಕಿಯಿಂದ "ಬೀಗರು ಬಂದಿದ್ದಾರೆ!" ಎನ್ನುವರು. ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ, ವಾರ್ಡಿನಿಂದ ವಾರ್ಡಿಗೆ ಹರಿಯುವುದು. ಕೆಲಸದಿಂದ ಬಿಡುವಿದ್ದವರು ಎಲ್ಲರ ಚೀಟಿಗೂ ಹಣ ಕಟ್ಟಲು ಓಡುವರು. ರೋಗಿಗಳ ಕಡೆಯವರು ಮಾತ್ರ, ಈ ಆಸ್ಪತ್ರೆಯಲ್ಲಿ ದಿನಾ ಯಾರದೋ ಮದುವೆ ಮಾತುಕತೆ ನಡೆಯುತ್ತಿದೆಯೆಂದು ಬೆರಗಾಗುವರು!

ಬೀಗರೆಂದರೆ ತಾನೇ ಎಂಬುದು ಅವನೊಬ್ಬನಿಗೆ ಗೊತ್ತಿರಲಿಲ್ಲ.

*

"ಕೂಸು ಹೇಗಿದೆ ಸಿಸ್ಟರ್?"

ಬೀಗ ಬಿಚ್ಚಿಕೊಟ್ಟ ಮರುದಿನ ಅವಳು ಗಾಡಿ ತೆಗೆಯಲು ಹೋದಾಗ ಅವನು ಕೇಳಿದ. ಅದರ ಮರುದಿನವೂ ಕೇಳಿದ. ಚೀಟಿಯ ಹಣವನ್ನು ಚಿಲ್ಲರೆಯವರೆಗೆ ಎಣಿಸಿ ತೆಗೆದುಕೊಳ್ಳುತ್ತಿದ್ದ, ಒಂದು ಕಾಸೂ ಬಿಡುತ್ತಿರಲಿಲ್ಲ. ಎಣಿಸಿ ಮುಗಿದ ಮೇಲೆ ತಲೆಯೆತ್ತಿ ಅದೇ ಪ್ರಶ್ನೆ.

ಮೊದಮೊದಲು ಅವಳು "ಇದೆ" ಎಂದಷ್ಟೇ ಹೇಳುತ್ತಿದ್ದಳು.

ಆಮೇಲೆ, "ಇವತ್ತು ಹನಿ ಹನಿಯಾಗಿ ಹಾಲು ಕುಡೀತು."

ಆಮೇಲೆ, "ಇವತ್ತು ನನ್ನ ಬೆರಳು ಹಿಡ್ಕೊಂಡು ಬಿಡಲೇ ಇಲ್ಲ ರೀ! ಇಷ್ಟೇ ಇಷ್ಟು ಬೆರಳು... ಬಲ ಮಾತ್ರ ಪೈಲ್ವಾನಂದು!"

ಅವನು ನಗುತ್ತಿದ್ದ. ನಕ್ಕರೆ ಅವನ ಮುಖ ದೀಪ ಹಚ್ಚಿದ ಕೋಣೆಯಂತೆ ಕಾಣುತ್ತಿತ್ತು.

ಆ ಕೂಸು ತೂಕ ಕಟ್ಟಿಕೊಂಡು ತಾಯಿಯ ಮಡಿಲೇರಿ ಮನೆಗೆ ಹೋಯಿತು. ಅವಳು ಓಡಿಬಂದು ಮೊದಲು ಹೇಳಿದ್ದು ಅವನಿಗೇ. "ಹಾಗಾದ್ರೆ ಇನ್ನು ನಾನು ಏನು ಕೇಳಲಿ?" ಎಂದ ಅವನು, ನಿಜವಾಗಿಯೂ ದಿಕ್ಕು ತಪ್ಪಿದವನಂತೆ. "ಪಕ್ಕದ ತೊಟ್ಟಿಲಲ್ಲಿ ಅವಳಿ ಬಂದಿದ್ದಾರೆ, ಒಬ್ಬಳು ಬಲು ಜಗಳಗಂಟಿ," ಎಂದಳು ಇವಳು. ಇಬ್ಬರಿಗೂ ನೆಮ್ಮದಿಯಾಯಿತು.

ಇನ್ನೊಂದನ್ನೂ ಅವಳು ಗಮನಿಸಿದ್ದಳು. ಬೀಗ ಹಾಕುವ ಮುನ್ನ ಅವನು ಅಂಗಳವನ್ನೊಮ್ಮೆ ಪೂರ್ತಿ ಸುತ್ತುತ್ತಿದ್ದ, ಪ್ರದಕ್ಷಿಣೆ ಹಾಕುವವನಂತೆ ನಿಧಾನವಾಗಿ. ಕೀಲಿಗೊಂಚಲನ್ನು ತೊಡೆಗೆ ಬಡಿದು ಝಣಝಣ ಸದ್ದು ಮಾಡುತ್ತಿದ್ದ. ಕಿಟಕಿಗಳು ತೆರೆದು, "ಬೀಗರು ಬಂದಿದ್ದಾರೆ" ಎಂಬ ಸುದ್ದಿ ಮೂರನೇ ಮಹಡಿ ಮುಟ್ಟಿ, ಕೆಳಗಿಳಿದು ಬರುವವರು ಬಂದು ಮುಗಿಯುವವರೆಗೆ ಅವನ ಸುತ್ತು ಮುಗಿಯುತ್ತಲೇ ಇರಲಿಲ್ಲ!

'ಬೇಕೆಂದೇ ಸದ್ದು ಮಾಡ್ತಾರೆ...' ಎಂದುಕೊಂಡಳು ಅವಳು. ಎದೆಯೊಳಗೆ ಏನೋ ಮೆತ್ತಗಾಯಿತು.

"ಗುಬ್ಬೀ," ಎಂದರು ದೊಡ್ಡಕ್ಕ ಒಂದು ದಿನ, ಕನ್ನಡಕದ ಮೇಲಿಂದ ನೋಡುತ್ತ. "ನಾವೆಲ್ಲ ಬೀಗರಿಗೆ ಬೈದು ಬರ್ತೀವಿ. ನೀನು ಬೀಗರಿಗೆ ಕಥೆ ಹೇಳಿ ಬರ್ತೀಯಂತೆ?"

"ಕಥೆಯೇನಿಲ್ಲ ದೊಡ್ಡಕ್ಕ. ಕೂಸುಗಳ ಬಗ್ಗೆ ಕೇಳ್ತಾರೆ, ಹೇಳ್ತೀನಿ."

"ಹೂಂ ಹೂಂ. ಸಿಸ್ಟರ್ ಸಿಸ್ಟರ್ ಅನ್ಕೊಂಡೇ ಎಲ್ಲಿಗೆ ಬಂದು ನಿಂತಿದ್ದಾನೋ ನೋಡು ಪುಣ್ಯಾತ್ಮ!"

ಅವಳ ಕಿವಿ ಕೆಂಪಾಯಿತು. ಏಕೆಂದರೆ ಅವಳಿಗೆ ಮಾತ್ರ ಗೊತ್ತಿದ್ದ ಒಂದು ಸತ್ಯವಿತ್ತು. ಈಗೀಗ ತೊಟ್ಟಿಲಲ್ಲಿ ಯಾವ ಕೂಸು ಆಕಳಿಸಿದರೂ, ಯಾವುದು ಮೊದಲ ಸಲ ಕಣ್ಣು ಬಿಟ್ಟರೂ, ಅವಳ ಮನಸ್ಸು ತಾನೇ ತಾನಾಗಿ ಹೇಳುತ್ತಿತ್ತು: 'ಇದನ್ನ ಅವರಿಗೆ ಹೇಳಬೇಕು...'

ದಿನವೆಲ್ಲ ಸಣ್ಣ ಸಣ್ಣ ಸುದ್ದಿ ಹೆಕ್ಕಿ ಹೆಕ್ಕಿ ಸೆರಗಿಗೆ ಕಟ್ಟಿಕೊಂಡವಳಂತೆ ಅವಳು ಮೆಟ್ಟಿಲಿಳಿಯುತ್ತಿದ್ದಳು.

*

ಅವನ ಮನಸ್ಸಿನಲ್ಲೂ ಅಷ್ಟೇ ಇತ್ತು, ಅಥವಾ ಅದಕ್ಕಿಂತ ಹೆಚ್ಚೇ ಇತ್ತು. ಅವನು ಒಂದು ದಿನ ಅರ್ಧ ರಜೆ ಹಾಕಿ, ಕಿತ್ತಳೆ ಅಂಗಿ ಬಿಚ್ಚಿಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೊದಲ ಸಲ ಮೂರನೇ ಮಹಡಿಯ ಅವಳ ವಾರ್ಡಿಗೆ ಹತ್ತಿದ. ಕೈಯಲ್ಲಿ ಒಂದು ಚೀಲ. 'ನಮ್ಮ ವಾರ್ಡಿನ ಟೋಪಿಗಳೆಲ್ಲ ದೊಡ್ಡವು, ಕೂಸುಗಳ ಕಣ್ಣಿನ ಮೇಲೇ ಜಾರುತ್ತವೆ' ಎಂದು ಅವಳು ಯಾವಾಗಲೋ ಅಂದಿದ್ದಳು. ಅವನು ತನ್ನ ಅಕ್ಕನ ಬೆನ್ನುಬಿದ್ದು, ನಿಂಬೆಹಣ್ಣಿನಷ್ಟೇ ಅಗಲದ ಉಣ್ಣೆಯ ಟೋಪಿಗಳನ್ನು ಹೆಣೆಸಿದ್ದ. ಅವನ್ನು ಕೊಟ್ಟು, ಮನಸ್ಸಿನ ಮಾತನ್ನೂ ಹೇಳಿಬಿಡಬೇಕು... ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಆದರೆ ವಿಧಿ ಆ ದಿನವೇ ತಮಾಷೆಗೆ ಕೂತಿತ್ತು.

ಕಂಪನಿಯ ದೊಡ್ಡವರು ಹೇಳದೆ ಕೇಳದೆ ಅದೇ ಮಧ್ಯಾಹ್ನ ಆಸ್ಪತ್ರೆಗೆ ಬಂದಿಳಿದಿದ್ದರು. ಸಿಬ್ಬಂದಿಯ ಗಲಾಟೆ ಕೇಳಿ, ಕೂತು ಮಾತಾಡಿ ಮುಗಿಸಲು. ಸಿಬ್ಬಂದಿಯ ಪರವಾಗಿ ಮಾತಾಡಬೇಕಾದವರು ದೊಡ್ಡಕ್ಕ ಮತ್ತು ಗುಬ್ಬಿ. ದೊಡ್ಡಕ್ಕ ಕ್ಯಾಂಟೀನಿನಲ್ಲಿದ್ದರು. ಗುಬ್ಬಿ ವಾರ್ಡಿನ ಬಾಗಿಲ ಬಳಿ ನಿಂತು ಅವರಿಗೆ ಫೋನ್ ಹಚ್ಚಿದಳು.

ಅವಳ ಬೆನ್ನು ಬಾಗಿಲ ಕಡೆಗಿತ್ತು. ಅರೆತೆರೆದ ಬಾಗಿಲಾಚೆ ಬಿಳಿ ಅಂಗಿಯವನು ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

"ದೊಡ್ಡಕ್ಕಾ! ಬೀಗರು ಬಂದಿದ್ದಾರೆ!" ಎಂದಳು ಅವಳು, ಉತ್ಸಾಹದಿಂದ. "ಇಲ್ಲ ಇಲ್ಲ, ಈ ಸಲ ಬರೀ ಒಬ್ಬರಲ್ಲ, ದೊಡ್ಡವರೇ ಕಾರಲ್ಲಿ ಬಂದಿಳಿದಿದ್ದಾರೆ... ಇವತ್ತೇ ಮಾತುಕತೆ ಮುಗಿಸಿಬಿಡೋಣ ಅಂತಿದ್ದಾರಂತೆ... ಹೂಂ, ನಾನೂ ಯೋಚನೆ ಮಾಡ್ದೆ. ಎಷ್ಟು ದಿನ ಅಂತ ಎಳೆಯೋದು? ಅವರೂ ಸ್ವಲ್ಪ ಬಗ್ಗಲಿ, ನಾವೂ ಸ್ವಲ್ಪ ಬಗ್ಗೋಣ. ಒಪ್ಪಿಗೆ ಆದ್ರೆ ಇವತ್ತೇ ಆಗಿಹೋಗ್ಲಿ... ನನಗೇನು, ಖುಷೀನೇ!"

ಬಾಗಿಲಾಚೆ, ಬಾಯಿಪಾಠವಾಗಿದ್ದ ಮಾತೆಲ್ಲ ಒಂದೊಂದಾಗಿ ಅಳಿಸಿಹೋಯಿತು.

ಬೀಗರು... ಮಾತುಕತೆ... ಒಪ್ಪಿಗೆ...

ಅವನು ಚೀಲವನ್ನು ಹೊರಗಿನ ಕುರ್ಚಿಯ ಮೇಲಿಟ್ಟ. ಸದ್ದಾಗದಂತೆ ಮೆಟ್ಟಿಲಿಳಿದ. ಕೆಳಗಿನ ಮೆಟ್ಟಿಲಲ್ಲೇ ಕಂಪನಿಯವರ ಕರೆ ಬಂತು: ಕೂಡಲೇ ಸಭೆಗೆ ಬಾ.

*

ಸಭೆಯಲ್ಲಿ ಕಂಪನಿಯ ಹಿರಿಯನೊಬ್ಬ ಅವನನ್ನು ಎದ್ದು ನಿಲ್ಲಿಸಿದ.

"ಬೇರೆ ಕಡೆಯೆಲ್ಲ ದಂಡ ರಾಶಿ ರಾಶಿ ಬರುತ್ತೆ. ನಿನ್ನ ಅಂಗಳದಲ್ಲಿ ಮಾತ್ರ ಬೀಗಕ್ಕೆ ತುಕ್ಕು ಹಿಡೀತಿದೆ. ಯಾಕಪ್ಪಾ?"

ಅವಳು ಕುರ್ಚಿಯ ತುದಿಗೆ ಸರಿದಳು.

ಅವನು ಅವಳತ್ತ ನೋಡಲಿಲ್ಲ. ಮೇಜಿನತ್ತ ನೋಡುತ್ತ ಮಾತಾಡಿದ.

"ಸಾರ್, ಚೀಟಿ ಗಂಟೆ ನೋಡಿ ಮುಗಿಯುತ್ತೆ. ಇವರ ಕೆಲಸ ಹಾಗೆ ಮುಗಿಯಲ್ಲ. ಕೈಯಲ್ಲಿ ಕೂಸಿರೋವಾಗ ಗಾಡಿ ಹತ್ರ ಬಾ ಅಂದ್ರೆ ಹೇಗೆ ಬರ್ತಾರೆ? ನೋಡೋಕೆ ಬರೋರ ಹತ್ರ ಹಣ ತಗೊಳ್ಳಿ, ಬೇಡ ಅನ್ನಲ್ಲ. ನೋಡಿಕೊಳ್ಳೋರ ಹತ್ರ ಬೇಡ. ಹಿಂದುಗಡೆ ಹಳೇ ಶೆಡ್ ಖಾಲಿ ಬಿದ್ದಿದೆ. ಅದನ್ನ ಇವರಿಗೆ ಬಿಟ್ಟುಕೊಡಿ."

ಹಿರಿಯನ ಮುಖ ಗಂಟಾಯಿತು. ದೊಡ್ಡಕ್ಕ ಗುಬ್ಬಿಯ ಮೊಣಕೈ ಚಿವುಟಿ, "ಲೇ, ಬೀಗರು ನಮ್ಮ ಕಡೆಗೇ ಸೇರ್ಕೊಂಡ್ರಲ್ಲೇ!" ಎಂದರು.

ಅವಳಿಗೆ ಅಲ್ಲೇ ಎದ್ದು ಅವನ ಬಳಿ ಹೋಗಬೇಕೆನಿಸಿತು. ಆದರೆ ವಾರ್ಡಿನಲ್ಲಿ ಹಾಲು ಕೊಡುವ ಹೊತ್ತಾಗಿತ್ತು. ಗಡಿಯಾರ ನೋಡಿದಳು, ಮತ್ತೆ ನೋಡಿದಳು, ಸಭೆ ಮುಗಿದದ್ದೇ ಮೇಲಕ್ಕೆ ಓಡಿದಳು. ಕುರ್ಚಿಯ ಮೇಲೆ ಟೋಪಿಗಳ ಚೀಲ ಕಂಡಿತು. ಒಂದನ್ನು ಬೆರಳಿಗೆ ತೊಡಿಸಿ ನೋಡಿದಳು. ಎದೆ ತುಂಬಿ ಬಂತು...

'ನನ್ನ ಮಾತು ನೆನಪಿಟ್ಟು ತಂದಿದ್ದಾರೆ. ಹಾಗಾದ್ರೆ ಕೈಗೆ ಕೊಡದೆ ಯಾಕೆ ಹೋದ್ರು?'

ಮರುದಿನ ಆಸ್ಪತ್ರೆಯವರು ಒಪ್ಪಿಗೆ ಕೊಟ್ಟರು. ಶೆಡ್ಡು ಸಿಬ್ಬಂದಿಗೆ, ಹಣವಿಲ್ಲದೆ. ಅವಳು ಗರಿಗೆದರಿ ಅಂಗಳಕ್ಕೆ ಓಡಿದಳು.

ಅವನೇ ಮೊದಲು ಕೇಳಿದ. "ಎಲ್ಲಾ ಒಪ್ಪಿಗೆ ಆಯ್ತಂತಾ ಸಿಸ್ಟರ್?"

"ಹೂಂ, ಆಯ್ತು! ನಿಮಗೂ ಗೊತ್ತಾಯ್ತಾ?"

"ಕಿವಿಗೆ ಬಿತ್ತು. ಯಾವಾಗ?"

"ಬರೋ ತಿಂಗಳಿಂದ."

"ಇಷ್ಟು ಬೇಗ!"

"ಬೇಗ ಎಲ್ಲಿ ಬಂತು? ನಮಗೆ ಒಂದೊಂದು ದಿನವೂ ಯುಗ ಆಗಿತ್ತು!"

ಅವನು ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ಸರಿಸಿದ.

"ಶುಭವಾಗಲಿ ಸಿಸ್ಟರ್. ಸುಖವಾಗಿರಿ."

ಒಂದು ಶೆಡ್ಡಿಗೆ ಇಷ್ಟು ದೊಡ್ಡ ಆಶೀರ್ವಾದವೇ! ಅವಳು ನಗಲು ಹೊರಟಳು. ಅವನು ಅಷ್ಟರಲ್ಲಿ ಬೆನ್ನು ಮಾಡಿ ನಡೆದಾಗಿತ್ತು. ಕೂಸಿನ ಬಗ್ಗೆ ಕೇಳಲೇ ಇಲ್ಲ.

*

ಅಂದು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ.

ಹಣ ಎಣಿಸಿ ತೆಗೆದುಕೊಳ್ಳುತ್ತಿದ್ದ, ಚೀಟಿ ಹರಿದು ಕೊಡುತ್ತಿದ್ದ, ಮುಂದಿನ ಗಾಡಿಯತ್ತ ತಿರುಗುತ್ತಿದ್ದ. ಅವಳು ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಿದ್ದಳು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಅವಳಿಗಳಲ್ಲಿ ಜಗಳಗಂಟಿ ಮೊದಲ ಸಲ ನಿದ್ದೆಯಲ್ಲಿ ನಕ್ಕಿದ್ದಳು. ಅವನು ತಂದಿಟ್ಟ ಟೋಪಿ ಆ ಕೂಸಿನ ತಲೆಗೆ ಅಳತೆ ಮಾಡಿಸಿದಂತೆ ಕೂತಿತ್ತು. ಹೇಳಬೇಕಾದ ಸುದ್ದಿ ಒಂದರ ಮೇಲೊಂದು ಪೇರಿಸಿಕೊಂಡು ಅವಳೆದೆಯಲ್ಲಿ ಜಾಗವೇ ಉಳಿಯಲಿಲ್ಲ.

'ನಮ್ಮ ಪರವಾಗಿ ಮಾತಾಡಿ ಅವರ ಕೆಲಸಕ್ಕೇ ಕುತ್ತು ಬಂದಿರಬೇಕು. ಎಲ್ಲ ನನ್ನಿಂದ. ಅದಕ್ಕೇ ನನ್ನ ಮುಖ ನೋಡೋದೂ ಬೇಡವಾಗಿದೆ...'

ಊಟಕ್ಕೆ ಕೂತಾಗ ಅಮ್ಮ ಅವಳ ತಟ್ಟೆ ನೋಡಿದಳು, ಮುಖ ನೋಡಿದಳು.

"ಯಾಕೇ, ಅನ್ನದ ಜೊತೆ ಜಗಳನಾ? ಹಿಂದಿನ ವಾರ ಒಬ್ಬೊಬ್ಬಳೇ ನಗ್ತಿದ್ದೆ. ಈ ವಾರ ಒಬ್ಬೊಬ್ಬಳೇ ನಿಟ್ಟುಸಿರು."

"ಏನಿಲ್ಲಮ್ಮ."

"ಏನಿಲ್ಲ ಅನ್ನೋ ಮುಖ ಅಲ್ಲ ಅದು. ಹೆತ್ತಿದೀನಿ ನಾನು."

ಅವಳು ಅನ್ನದಲ್ಲಿ ಬೆರಳಾಡಿಸಿದಳು. "ಒಬ್ಬರು ದಿನಾ ಒಂದು ಪ್ರಶ್ನೆ ಕೇಳ್ತಿದ್ರು. ಈಗ ಕೇಳ್ತಿಲ್ಲ."

ಅಮ್ಮ ಯಾರೆಂದು ಕೇಳಲಿಲ್ಲ. ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

"ಕೇಳದಿದ್ರೆ ಹೇಳಬಾರದು ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ? ನೀನೇ ಹೋಗಿ ಹೇಳು."

*

ಹೇಳಬೇಕೆಂದುಕೊಂಡೇ ಅವಳು ಮರುದಿನ ಬಂದಳು. ಆದರೆ ಬಟ್ಟೆ ಬದಲಾಯಿಸುವ ಮುಂಚೆಯೇ ದೊಡ್ಡಕ್ಕ ಎದುರಾದರು. ಅವರ ಮುಖದಲ್ಲಿ ಇಂದು ತಮಾಷೆಯಿರಲಿಲ್ಲ.

"ಗುಬ್ಬೀ... ನಿನ್ನ ಬೀಗರಿಗೆ ಇವತ್ತು ಕೊನೇ ದಿನವಂತೆ ಕಣೇ. ಮಾರ್ಕೆಟ್ ಹತ್ರದ ಅಂಗಳಕ್ಕೆ ಹಾಕಿದ್ದಾರಂತೆ. ಕಂಪನಿಯೋರಿಗೂ ಸಿಟ್ಟಿತ್ತು. ಆದ್ರೆ ಅವನೇ ಕೇಳ್ಕೊಂಡನಂತೆ, ಇಲ್ಲಿಂದ ಕಳಿಸಿಬಿಡಿ ಅಂತ."

ಅವನೇ ಕೇಳಿಕೊಂಡನೇ?

ಆ ಮಾತು ಅವಳನ್ನು ಅಲ್ಲೇ ಗೋಡೆಗೆ ಒರಗಿಸಿತು. ಅವನು ಗೇಟು ದಾಟಿದರೆ ಮುಗಿಯಿತು. ಊರಿನ ಇನ್ನೊಂದು ತುದಿ. ನಾಳೆಯಿಂದ ಯಾರೋ ಕಿತ್ತಳೆ ಅಂಗಿಯವನು ಇವಳ ಕೈಯಿಂದ ಹಣ ತೆಗೆದುಕೊಳ್ಳುತ್ತಾನೆ, ಯಾವ ಕೂಸು ಉಸಿರಾಡಿತು, ಯಾವುದು ನಕ್ಕಿತು, ಅವನಿಗೇನು?

ಓಡಬೇಕೆನಿಸಿತು. ಆದರೆ ಒಳಗೆ ಯಂತ್ರ ಕೂಗಿತು. ಹೊಸದಾಗಿ ಬಂದ ಕೂಸು ಉಸಿರು ಮರೆತಿತ್ತು. ಅವಳು ಕೈ ತೊಳೆದು, ಮನಸ್ಸನ್ನು ಬಾಗಿಲಾಚೆ ಬಿಟ್ಟು, ಆ ಪುಟ್ಟ ಪಾದದ ಬಳಿ ನಿಂತಳು. ತಟ್ಟಿದಳು. 'ಉಸಿರೆಳ್ಕೋ ಕಂದಾ... ಹಾಂ, ಹಾಗೆ... ಇನ್ನೊಂದು ಸಲ...' ಅವಳ ತುಟಿ ಪಿಟಿಪಿಟಿ ಎನ್ನುತ್ತಿತ್ತು, ಪಾರಾಯಣಕ್ಕೆ ಕೂತವಳಂತೆ. ಕೂಸು ಉಸಿರೆಳೆಯಿತು. ಮತ್ತೆ ಎಳೆಯಿತು. ದೇವರೇ ಬಂದು ತೊಟ್ಟಿಲ ಪಕ್ಕ ಕೂತಂತಿತ್ತು.

ಮಧ್ಯಾಹ್ನ ಇನ್ನೊಬ್ಬ ನರ್ಸಿಗೆ ಕೂಸುಗಳನ್ನು ಒಪ್ಪಿಸಿದ್ದೇ, ದೊಡ್ಡಕ್ಕ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ಇನ್ನೂ ನಿಂತಿದೀಯಾ? ಓಡೇ!"

ಲಿಫ್ಟಿಗೂ ಕಾಯದೆ ಮೆಟ್ಟಿಲು ಹಾರಿ ಹಾರಿ ಇಳಿದಳು.

ಅವನು ಹೊಸಬನಿಗೆ ಕೀಲಿಗೊಂಚಲು ಒಪ್ಪಿಸಿ, ತನ್ನ ಬೈಕು ಹತ್ತಿ, ಹೊರಗೆ ಹೋಗುವ ದಾರಿಗೆ ಬಂದಿದ್ದ. ಗೇಟಿನ ಅಡ್ಡಕಂಬಿ ಮೇಲೇಳುತ್ತಿತ್ತು.

ಅವಳು ಓಡಿಹೋಗಿ ಬೈಕಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟಳು!

"ಸಿಸ್ಟರ್! ಏನಿದು? ಇದು ನಿಲ್ಲೋ ಜಾಗ ಅಲ್ಲ."

"ಚೀಟಿ ಹರೀರಿ, ಹಣ ಕೊಡ್ತೀನಿ. ನಾನಿಲ್ಲೇ ನಿಲ್ತೀನಿ!"

"ಹಿಂದೆ ಗಾಡಿಗಳು ಬರ್ತಿದಾವೆ..."

"ಬರಲಿ. ಮೊದಲು ನನಗೆ ಉತ್ತರ ಕೊಡಿ. ಇಲ್ಲಿಂದ ಕಳಿಸಿಬಿಡಿ ಅಂತ ನೀವೇ ಕೇಳ್ಕೊಂಡ್ರಂತೆ. ಯಾಕೆ? ನಾನು ಏನು ತಪ್ಪು ಮಾಡ್ದೆ?"

ಅವನು ಬೈಕಿನಿಂದ ಇಳಿದ. ಹಿಂದೆ ಒಂದು ಹಾರನ್ ಕೂಗಿತು, ಅದರ ಹಿಂದೆ ಇನ್ನೊಂದು.

"ನಿಮ್ಮ ತಪ್ಪೇನಿಲ್ಲ," ಎಂದ ಅವನು ತಲೆ ತಗ್ಗಿಸಿ. "ಬರೋ ತಿಂಗಳು ನಿಮ್ಮ ಮದುವೆ. ಅದಾದ್ಮೇಲೆ ದಿನಾ ನಿಮ್ಮನ್ನ ನೋಡ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ಚೀಟಿ ಹರಿಯೋ ಶಕ್ತಿ ನನಗಿಲ್ಲ. ಅಷ್ಟೇ."

"ಮದುವೆ? ಯಾರದು?"

"ನಿಮ್ಮದೇ. ಬೀಗರು ಬಂದಿದ್ರಲ್ಲ ಅವತ್ತು? ದೊಡ್ಡವರೇ ಕಾರಲ್ಲಿ ಬಂದಿದ್ದಾರೆ, ಮಾತುಕತೆ ಇವತ್ತೇ, ನನಗೂ ಖುಷಿ ಅಂತ ನೀವೇ ಫೋನಲ್ಲಿ ಹೇಳ್ತಿದ್ರಿ. ಟೋಪಿ ಕೊಡೋಕೆ ಬಂದಿದ್ದೆ... ಬಾಗಿಲಲ್ಲೇ ಕೇಳಿಸ್ತು."

ಅವಳು ಅವನನ್ನೇ ನೋಡಿದಳು. ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾದದ್ದೇ ತಡ, ಹೊಟ್ಟೆಯಾಳದಿಂದ ನಗು ಉಕ್ಕಿಬಂತು, ನಗುವಿನ ಜೊತೆಗೇ ಅಳು. ಎರಡನ್ನೂ ತಡೆಯಲಾರದೆ ಅವನ ಬೈಕಿನ ಹಿಡಿ ಹಿಡಿದು ಬಗ್ಗಿದಳು.

"ಅಯ್ಯೋ ದೇವರೇ... ಬೀಗರು ಅಂದ್ರೆ ನೀವು ಕಣ್ರೀ! ನೀವೇ!"

"ನಾನಾ?"

"ಬೀಗ ಹಾಕೋರು ಬೀಗರು! ದೊಡ್ಡಕ್ಕ ಇಟ್ಟ ಹೆಸರು. ಇಡೀ ಆಸ್ಪತ್ರೆ ನಿಮ್ಮನ್ನ ಹಾಗೇ ಕರೆಯೋದು. ಅವತ್ತು ಬಂದಿದ್ದ ದೊಡ್ಡವರು ನಿಮ್ಮ ಕಂಪನಿಯೋರು. ಒಪ್ಪಿಗೆ ಆಗಿದ್ದು ಶೆಡ್ಡಿಗೆ!"

ಅವನು ಬೈಕಿನ ಎಂಜಿನ್ ಆರಿಸಿದ.

"ಅಲ್ಲಾರೀ, ನನ್ನ ಮದುವೆ ಆಗಿದ್ರೆ ಬೀಗರು ಅನ್ನೋರು ನಮ್ಮಮ್ಮ. ನಾನ್ಯಾಕೆ ಬೀಗರು ಅಂತೀನಿ? ಅಷ್ಟೂ ಹೊಳೀಲಿಲ್ವಾ?"

"ವ್ಯಾಕರಣ ನೋಡೋ ಸ್ಥಿತೀಲಿ ಇರ್ಲಿಲ್ಲ ನಾನು," ಎಂದ ಅವನು ಪಾಪದ ದನಿಯಲ್ಲಿ.

"ಸಭೇಲಿ ನನ್ನ ನೋಡಿದ್ರಲ್ಲ!"

"ನೀವು ಗಡಿಯಾರ ನೋಡ್ತಾನೇ ಇದ್ರಿ. ಮನೇಲಿ ಕಾಯ್ತಿರಬೇಕು ಅಂದ್ಕೊಂಡೆ."

"ಕೂಸುಗಳಿಗೆ ಹಾಲು ಕೊಡೋ ಹೊತ್ತಾಗಿತ್ತು ಮಹಾರಾಯರೇ!"

ಸಾಲಿನಲ್ಲಿ ಸಿಕ್ಕಿಬಿದ್ದಿದ್ದ ಆಂಬುಲೆನ್ಸಿನ ಡ್ರೈವರಣ್ಣ ಕಿಟಕಿಯಿಂದ ತಲೆ ಹಾಕಿದ. "ಗುಬ್ಬಿ ಸಿಸ್ಟರ್! ಒಳಗೆ ಪೇಷಂಟ್ ಇಲ್ಲ, ಅದಕ್ಕೇ ಸುಮ್ಮನಿದೀನಿ. ಆದ್ರೂ ಬೀಗರ ಉಪಚಾರ ಬೇಗ ಮುಗಿಸಮ್ಮ!"

ಅವನ ಮುಖ ಕೆಂಪಾಯಿತು. ಬೈಕನ್ನು ಪಕ್ಕಕ್ಕೆ ತಳ್ಳಿ ದಾರಿ ಬಿಟ್ಟ. ಇಬ್ಬರೂ ಗೋಡೆಯ ನೆರಳಿಗೆ ಸರಿದು ನಿಂತರು. ಗಾಡಿಗಳು ಒಂದೊಂದಾಗಿ ದಾಟಿದವು, ಒಬ್ಬೊಬ್ಬರೂ ಇಣುಕಿ ನೋಡಿಯೇ ಹೋದರು.

"ಸಿಸ್ಟರ್..." ಎಂದು ಶುರು ಮಾಡಿದ.

"ಮೊದಲು ಆ ಸಿಸ್ಟರ್ ಅನ್ನೋದನ್ನ ಬಿಡಿ!"

ಅವನು ಆ ಪದವನ್ನು ನುಂಗಿಕೊಂಡ. ಬಾಯಿಪಾಠ ಮಾಡಿದ್ದ ಮಾತು ಈಗಲೂ ಬರಲಿಲ್ಲ. ಬಂದದ್ದು ಬೇರೆಯೇ.

"ಈ ಅಂಗಿ ತೊಟ್ಟಾಗಿಂದ ನನಗೆ ಬೈಗುಳ ಬಿಟ್ರೆ ಬೇರೆ ಮಾತು ಕಿವಿಗೆ ಬಿದ್ದಿರ್ಲಿಲ್ಲ. ಬೈಯೋರ ತಪ್ಪೂ ಅಲ್ಲ ಅದು. ಒಳಗೆ ಯಾರಿಗೋ ಹುಷಾರಿಲ್ಲ, ಹೊರಗೆ ನಾನು ದುಡ್ಡು ಕೇಳ್ತೀನಿ. ನಾನು ನೋಡ್ತಿದ್ದಿದ್ದು ಬರೀ ಚಕ್ರ. ನೀವು ಬಂದು, ಹಾಲು ಕುಡೀತು, ಬೆರಳು ಹಿಡೀತು ಅಂತ ಹೇಳೋಕೆ ಶುರು ಮಾಡಿದ್ರಿ. ಆಮೇಲಿಂದ ನಾನು ಆ ಮಧ್ಯಾಹ್ನಕ್ಕೋಸ್ಕರವೇ ಬೆಳಿಗ್ಗೆ ಏಳ್ತಿದ್ದೆ. ನೀವಂದ್ರೆ... ನೀವಂದ್ರೆ ನನಗೆ ಜೀವ."

ಅವಳು ಅವನ ಕೈ ಹಿಡಿದುಕೊಂಡಳು. ದಿನಕ್ಕೆಷ್ಟೋ ಸಲ ತೊಳೆದು ತೊಳೆದು ಒರಟಾಗಿದ್ದ ಅವಳ ಕೈ, ಕಬ್ಬಿಣ ಹಿಡಿದು ಹಿಡಿದು ಒರಟಾಗಿದ್ದ ಅವನ ಕೈ.

"ನನಗೂ ಅಷ್ಟೇ ಕಣ್ರೀ. ನಿಮಗೆ ಹೇಳದಿದ್ರೆ ನನ್ನ ದಿನ ಮುಗಿಯೋದೇ ಇಲ್ಲ. ನೀವು ಕೇಳೋದು ಬಿಟ್ಟ ಮೇಲೆ ನನಗೆ ಎಷ್ಟು ಸುದ್ದಿ ಉಳಿದುಹೋಗಿದೆ ಗೊತ್ತಾ? ಜಗಳಗಂಟಿ ನಕ್ಕಳು. ಅವಳ ತಮ್ಮ ತೂಕ ಏರಿದ. ಇವತ್ತು ಹೊಸ ಕೂಸೊಂದು ಬಂದಿದೆ... ಇದನ್ನೆಲ್ಲ ನಾನು ಇನ್ಯಾರಿಗೆ ಹೇಳಲಿ? ಈ ಮಧ್ಯಾಹ್ನ ಸಾಲಲ್ಲ ನನಗೆ. ಎಲ್ಲ ಮಧ್ಯಾಹ್ನವೂ ಬೇಕು. ನಿಮ್ಮನ್ನ ಮದುವೆ ಆಗ್ತೀನಿ ನಾನು."

ಅವನ ಕಣ್ಣು ತುಂಬಿತು. ಆದರೂ ಅವನು ಅವನೇ. ಬೀಗ ಹಾಕುವ ಮೊದಲು ಇಡೀ ಅಂಗಳ ಸುತ್ತುವವನು, ಯಾರಿಗೂ ಅನ್ಯಾಯವಾಗಬಾರದೆಂದು ಕಾಯುವವನು.

"ಆತುರ ಬೇಡ," ಎಂದ, ಅವಳ ಬೆರಳುಗಳನ್ನು ಬಿಡದೆಯೇ. "ನಾನು ಅಂಗಳದಲ್ಲಿ ನಿಂತು ಬೈಸಿಕೊಳ್ಳೋನು. ನಾಳೆಯಿಂದ ಕೆಲಸವೂ ದೂರ. ನೀವು ಮನೆಗೆ ಹೋಗಿ, ಅಮ್ಮನ ಹತ್ರ ಕೂತು, ನಿಧಾನವಾಗಿ ಯೋಚನೆ ಮಾಡಿ. ನಾಳೆ ಬಂದು ನಾನೇ ಉತ್ತರ ಕೇಳ್ತೀನಿ. ಇದೊಂದು ಮಾತು ನಡೆಸಿಕೊಡಿ."

ಅವಳು ತಲೆಯೆತ್ತಿ ಅವನ ಮುಖವನ್ನೇ ನೋಡಿದಳು.

"ನಡೆಸಿಕೊಡಲ್ಲ," ಎಂದಳು ಗುಬ್ಬಿ. "ಯೋಚನೆ ಮಾಡಲ್ಲ. ಉತ್ತರ ಆಗ್ಲೇ ಕೊಟ್ಟಾಯ್ತು."